ಗ್ಲೂಕನ್ ರಿಪೋರ್ಟ್ ನೆಗೆಟಿವ್ ಬಂದಾಗಲೇ ಹೆಚ್ಚು ಉಪಯೋಗ

ಹೊಟ್ಟೆಯ ಆಪರೇಷನ್ ಆಗಿ ಹತ್ತು ದಿನ, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ನಳಿಕೆ ಇನ್ನೂ ಇದೆ, ಆಂಟಿಬಯಾಟಿಕ್ ಬದಲಿಸಿದರೂ ಜ್ವರ ಇಳಿದಿಲ್ಲ. ರಕ್ತಕ್ಕೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಸೇರಿದೆಯೇ ಎಂಬ ಅನುಮಾನ ಬರುವುದು ಇಲ್ಲೇ. ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಅದು ಬೆಳೆಯಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಹೊಟ್ಟೆಯೊಳಗಿನ ಆಳದ ಸೋಂಕುಗಳನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಕೇಸು ಕಲ್ಚರ್‌ಗೆ ಸಿಗುವುದೇ ಇಲ್ಲ. ಐದೈದು ಮಿಲಿಲೀಟರ್ ರಕ್ತ ಕಳಿಸಿದರಂತೂ ಸಿಗುವುದು ಇನ್ನೂ ಕಡಿಮೆ. ವಯಸ್ಕರಿಗೆ ಒಟ್ಟು 40ರಿಂದ 60 ಮಿಲಿಲೀಟರ್ ಬೇಕು.

ಕಲ್ಚರ್ ಜೊತೆಗೆ ಕಳಿಸುವ ಬೀಟಾ-ಡಿ-ಗ್ಲೂಕನ್ ಪರೀಕ್ಷೆ ಹುಡುಕುವುದು ಶಿಲೀಂಧ್ರದ ಕೋಶಗೋಡೆಯ ಸಕ್ಕರೆ ಸರಪಳಿಯನ್ನು. ಫಂಗಿಟೆಲ್ ಕಿಟ್‌ನಲ್ಲಿ ಮಿಲಿಲೀಟರಿಗೆ 80 ಪಿಕೋಗ್ರಾಂ ದಾಟಿದರೆ ಪಾಸಿಟಿವ್, 60ಕ್ಕಿಂತ ಕೆಳಗಿದ್ದರೆ ನೆಗೆಟಿವ್, ನಡುವಿನದ್ದು ಅನಿಶ್ಚಿತ. ವಾಕೋ ಕಿಟ್‌ನ ಅಳತೆಯೇ ಬೇರೆ, ಹಾಗಾಗಿ ಕಿಟ್‌ನ ಹೆಸರಿಲ್ಲದ ರಿಪೋರ್ಟ್ ಓದಬೇಡಿ.

ಪಿಕೋಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು. ಅಷ್ಟು ಸೂಕ್ಷ್ಮವಾದ ಪರೀಕ್ಷೆಯನ್ನು ಹಾಳುಮಾಡಲು ಹತ್ತಿಯ ಗಾಜ್ ಬಟ್ಟೆಯೇ ಸಾಕು. ಗಾಯದೊಳಗೆ ತುಂಬಿದ ಗಾಜ್, ಸೆಲ್ಯುಲೋಸ್ ಪೊರೆಯ ಡಯಾಲಿಸಿಸ್, ರಕ್ತದಿಂದ ತಯಾರಿಸಿ ರೋಗಿಗೆ ಕೊಡುವ ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ಎಲ್ಲವೂ ಅಂಕಿಯನ್ನು ಏರಿಸುತ್ತವೆ. ಗ್ಲೂಕನ್‌ಮುಕ್ತವೆಂದು ಖಾತ್ರಿಯಿಲ್ಲದ ಟ್ಯೂಬಿಗೆ ಸೀರಮ್ ಸುರಿದರೂ ಅಷ್ಟೇ. ಆದ್ದರಿಂದ ಒಂದೇ ಪಾಸಿಟಿವ್ ನೋಡಿ ತೀರ್ಮಾನಿಸದೆ ಇನ್ನೊಂದು ಸ್ಯಾಂಪಲ್ ಕಳಿಸಿ. ರೋಗಿಯ ಬಿಪಿ ಕುಸಿಯುತ್ತಿದ್ದರೆ ಮಾತ್ರ ಅದಕ್ಕೂ ಕಾಯದೆ ಎಕೈನೋಕ್ಯಾಂಡಿನ್ ಗುಂಪಿನ ಶಿಲೀಂಧ್ರನಾಶಕ ಔಷಧಿ ಶುರುಮಾಡಬೇಕು. ಅನುಮಾನ ತೀವ್ರವಾಗಿಲ್ಲದ ರೋಗಿಯಲ್ಲಿ ಎರಡು ಸಲ ನೆಗೆಟಿವ್ ಬಂದು, ಕಲ್ಚರ್‌ನಲ್ಲೂ ಏನೂ ಬೆಳೆಯದಿದ್ದರೆ, ಊಹೆಯ ಮೇಲೆ ಶುರುಮಾಡಿದ ದುಬಾರಿ ಔಷಧಿಯನ್ನು ಧೈರ್ಯವಾಗಿ ನಿಲ್ಲಿಸಬಹುದು.

ಪಾಸಿಟಿವ್ ಬಂದರೂ ಅದು ಕ್ಯಾಂಡಿಡಾನೇ ಎಂದಲ್ಲ. ಬೇರೆ ಶಿಲೀಂಧ್ರಗಳಾದ ಆಸ್ಪರ್ಜಿಲಸ್, ನ್ಯುಮೋಸಿಸ್ಟಿಸ್‌ನಲ್ಲೂ ಏರುತ್ತದೆ. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಹಬ್ಬಿದ ಕಪ್ಪು ಶಿಲೀಂಧ್ರದಲ್ಲಿ ಏರುವುದಿಲ್ಲ.

ಇನ್ನೊಂದು ಪರೀಕ್ಷೆ ಹುಡುಕುವ, ಕ್ಯಾಂಡಿಡಾ ಕೋಶಗೋಡೆಯದೇ ಅಂಶವಾದ ಮ್ಯಾನನ್ ಆಂಟಿಜೆನ್ ರಕ್ತದಿಂದ ಬೇಗ ಮಾಯವಾಗುತ್ತದೆ. ಅದಕ್ಕೆದುರಾದ ಪ್ರತಿಕಾಯವೋ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹುಟ್ಟುವುದೇ ಕಷ್ಟ. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಪ್ರಯೋಜನವುಂಟು, ಒಂದನ್ನೇ ಮಾಡಿಸುವುದು ದುಡ್ಡು ದಂಡ. ಸೋಂಕಾದಾಗ ರಕ್ತದಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಎಂಬ ಅಂಶ ಕ್ಯಾಂಡಿಡಾದಲ್ಲಿ ಬ್ಯಾಕ್ಟೀರಿಯಾದಷ್ಟು ಏರುವುದಿಲ್ಲ, ಆದರೆ ಅದರ ಮೇಲಷ್ಟೇ ನಿರ್ಧಾರ ಬೇಡ.

ಚಿಕಿತ್ಸೆ ಫಲಿಸಿದರೂ ಗ್ಲೂಕನ್ ವಾರಗಟ್ಟಲೆ ಇಳಿಯದೆ ಉಳಿಯಬಹುದು. ಔಷಧಿಯ ದಿನ ಎಣಿಸುವುದು ಅದರಿಂದಲ್ಲ, ಕಲ್ಚರ್ ಮೊದಲ ಸಲ ನೆಗೆಟಿವ್ ಆದ ದಿನದಿಂದ: ಬೇರೆ ಅಂಗಕ್ಕೆ ಹರಡಿಲ್ಲದಿದ್ದರೆ 14 ದಿನ.