ಹಾಕೋದು ಬೇರೆ, ತಿನ್ನೋದು ಬೇರೆ

ನಾನು ವಾಕ್ ಚಿಕಿತ್ಸಕಿ, ಬಾಯಲ್ಲಿ ತಿನ್ನದ, ಟ್ಯೂಬಿನಲ್ಲಿ ಹಾಲು ಕುಡಿಯುವ ಮಕ್ಕಳನ್ನು ನೋಡುತ್ತೇನೆ. ಮಂಡ್ಯ ಕಡೆಯ ತಾಯಿಯೊಬ್ಬರು ನನ್ನ ಹತ್ತಿರ ಒಂದು ಡೈರಿ ತಂದಿದ್ದರು. ಸಹಕಾರ ಸಂಘದವರು ವರ್ಷದ ಮೊದಲಿಗೆ ಹಂಚುವಂಥದ್ದು. ಪುಟದ ತುಂಬ ಗಂಟೆ, ಚಮಚದ ಲೆಕ್ಕ. "ಬೆಳಗ್ಗೆ 9 ಗಂಟೆ, ರಾಗಿ ಸರಿ 6 ಚಮಚ ಹಾಕಿದೆ. 9.20, ವಾಂತಿ. ಮಧ್ಯಾಹ್ನ 1 ಗಂಟೆ, ಅನ್ನ ಸಾರು ಮಿಕ್ಸಿ ಮಾಡಿ 4 ಚಮಚ ಹಾಕಿದೆ. ತುಂಬ ಅತ್ತಳು. ಸಂಜೆ 5, ಬಾಳೆಹಣ್ಣು 3 ಚಮಚ ಹಾಕಿದೆ. ವಾಂತಿ." ಹೀಗೆ ಎರಡೂವರೆ ತಿಂಗಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಮಗು 27 ವಾರಕ್ಕೇ ಹುಟ್ಟಿದ ಹುಡುಗಿ. ಹುಟ್ಟಿದಾಗ ತೂಕ ಒಂದು ಕೆಜಿಯೂ ಇರಲಿಲ್ಲ. ಡೈರಿ ತಂದಾಗ ಕ್ಯಾಲೆಂಡರಿನ ಲೆಕ್ಕಕ್ಕೆ 20 ತಿಂಗಳು. ನಾನು 17 ಅಂತಲೇ ಎಣಿಸಿದೆ. 40 ವಾರ ತುಂಬಬೇಕಾದ ಮಗು 13 ವಾರ ಮೊದಲೇ ಬಂದಿದೆ, ಆ ಮೂರು ತಿಂಗಳನ್ನು ಕಳೆದೇ ನೋಡಬೇಕು. ಪಕ್ಕದ ಮನೆ ಮಗು ಆಗಲೇ ಚಪಾತಿ ತಿನ್ನುತ್ತೆ ಅಂತ ಹೋಲಿಸಿ ಅಳುವ ತಾಯಂದಿರು ಎರಡು ವರ್ಷ ಆಗುವ ತನಕ ಇಷ್ಟನ್ನಾದರೂ ನೆನಪಿಟ್ಟುಕೊಳ್ಳಿ. ಈ ಹುಡುಗಿಯ ಮೂಗಿನಲ್ಲಿ ಹೊಟ್ಟೆಗೆ ಹಾಲು ಇಳಿಸುವ ಟ್ಯೂಬ್. ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಾಲು. ಕೆನ್ನೆಯ ಮೇಲೆ ಪ್ಲಾಸ್ಟರ್ ಕಿತ್ತು ಕಿತ್ತು ಅಂಗೈಯಗಲ ಕೆಂಪಾಗಿತ್ತು.

ಡೈರಿ ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ. "ಇದರಲ್ಲಿ ಅವಳು ತಿಂದಿದ್ದು ಎಲ್ಲಿದೆ?" ತಾಯಿಗೆ ಅರ್ಥ ಆಗಲಿಲ್ಲ. ನಾನು ಪುಟಗಳನ್ನು ತೋರಿಸಿದೆ. ಎಲ್ಲ ಕಡೆ "ಹಾಕಿದೆ" ಅಂತಿದೆ. "ತಿಂದಳು" ಅಂತ ಒಂದು ಕಡೆಯೂ ಇಲ್ಲ.

ಸುಮ್ನೆ ಪದ ಹಿಡಿದು ಜಗ್ಗುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಹೆಚ್ಚಿನ ಮನೆಗಳಲ್ಲಿ ಇದೇ ಮಾತು. "ಮೇಡಂ, ಇವತ್ತು ಹತ್ತು ಚಮಚ ಹೋಯ್ತು." "ನಿನ್ನೆ ಅರ್ಧ ಬಟ್ಟಲು ಇಳಿಸಿದ್ವಿ." ಹೋಯ್ತು, ಇಳಿಸಿದ್ವಿ, ಹಾಕಿದ್ವಿ. ಎಲ್ಲ ಕೆಲಸವೂ ದೊಡ್ಡವರದ್ದು. ಮಗುವಿನ ಬಾಯಿ ಅಲ್ಲಿ ಒಂದು ಲೋಟ ಇದ್ದ ಹಾಗೆ. ಹಾಗೆ ಒಳಗೆ ಹೋದದ್ದು ಊಟ ಅಲ್ಲ. ಟ್ಯೂಬಿನಲ್ಲಿ ಹಾಕುವುದೂ ಹಾಕುವುದೇ. ಆದರೆ ಮಗುವಿಗೆ ಊಟದ ಮೇಲೆ ಭಯ ಹುಟ್ಟಿಸೋದು ಟ್ಯೂಬ್ ಒಂದೇ ಅಲ್ಲ, ಬಲವಂತದ ಚಮಚವೂ ಹುಟ್ಟಿಸುತ್ತೆ. ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತು ಇದು. ಅದಕ್ಕೇ ಇವತ್ತು ಪೂರ್ತಿ ಇದನ್ನೇ ಹೇಳುತ್ತೇನೆ.

ಈ ಮಗುವಿನ ಬಾಯಿ ಏನೇನು ಕಂಡಿದೆ ಅಂತ ಸ್ವಲ್ಪ ಯೋಚಿಸಿ. ಚೀಪೋದು, ನುಂಗೋದು, ಉಸಿರಾಡೋದು, ಈ ಮೂರನ್ನೂ ಜೋಡಿಸಿಕೊಳ್ಳುವ ಶಕ್ತಿ ಮಗುವಿಗೆ ಬರುವುದು ಸುಮಾರು 32ರಿಂದ 34ನೇ ವಾರಕ್ಕೆ. 27 ವಾರದ ಮಗುವಿಗೆ ಅದು ಸಾಧ್ಯವೇ ಇಲ್ಲ. ಹಾಗಾಗಿ ಟ್ಯೂಬ್. ದಿನ ತುಂಬಿ ಹುಟ್ಟಿದ ಮಗುವಿನ ಬಾಯಿಗೆ ಮೊದಲು ಸಿಗೋದು ಅಮ್ಮನ ಎದೆ. ಇವಳ ಬಾಯಿಗೆ ಸಿಕ್ಕಿದ್ದು ಉಸಿರಾಟದ ಕೊಳವೆ, ಕಫ ಎಳೆಯುವ ಪೈಪು, ತುಟಿ ಪಕ್ಕದ ಪ್ಲಾಸ್ಟರ್. ಗಾಜಿನ ಪೆಟ್ಟಿಗೆಯಲ್ಲಿದ್ದ ಅಷ್ಟೂ ದಿನ ಬಾಯಿ ಹತ್ತಿರ ಬಂದ ಕೈಗಳಲ್ಲಿ ಹೆಚ್ಚಿನವು ನೋವು ಕೊಟ್ಟವೇ. ಜೀವ ಉಳಿಸಲು ಮಾಡಿದ್ದು, ಮಾಡಲೇಬೇಕಿತ್ತು. ಆದರೆ ಬಾಯಿಗೆ ಅದು ಗೊತ್ತಾಗಲ್ಲ ಅಲ್ವಾ? ಮುಖದ ಹತ್ತಿರ ಏನೋ ಬರ್ತಿದೆ ಅಂದರೆ ನೋವು ಬರ್ತಿದೆ ಅಂತ ಮಾತ್ರ ಅದಕ್ಕೆ ಗೊತ್ತು.

ಮನೆಗೆ ಬಂದ ಮೇಲೆ ಇನ್ನೊಂದು ಆಗುತ್ತೆ. ಮಗು ಟ್ಯೂಬ್ ಕಿತ್ತುಕೊಳ್ಳುತ್ತೆ ಅಂತ ಕೈಗೆ ಕಾಲುಚೀಲ ಹಾಕಿ ಕಟ್ಟುತ್ತಾರೆ. ಬೇರೆ ಮಕ್ಕಳು ನಾಲ್ಕೈದು ತಿಂಗಳಿಗೆ ಕೈ, ಆಟಿಕೆ, ಅಮ್ಮನ ಸೆರಗು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತವೆ. ಎಳೆ ಮಗುವಿಗೆ ನಾಲಗೆಯ ಮುಂಭಾಗ ಮುಟ್ಟಿದರೂ ಓಕರಿಕೆ ಬರುತ್ತೆ. ಹೀಗೆ ಬಾಯಿಗೆ ಹಾಕಿ ಹಾಕಿಯೇ ಆ ಜಾಗ ಹಿಂದಕ್ಕೆ ಸರಿಯೋದು. ಕಾಲುಚೀಲ ಕಟ್ಟಿದ ಕೈಗೆ ಈ ಪಾಠ ಆಗಿಲ್ಲ. ಜೊತೆಗೆ ಗಂಟಲಿನಲ್ಲಿ ಹಗಲೂ ರಾತ್ರಿ ಟ್ಯೂಬ್ ಉಜ್ಜುತ್ತಿರುತ್ತೆ. ಹಾಲು ಮೇಲಕ್ಕೆ ಉಕ್ಕುವ ತೊಂದರೆಯೂ ಈ ಮಕ್ಕಳಲ್ಲಿ ಜಾಸ್ತಿ. ಹಾಗಾಗಿ ಚಮಚ ತುಟಿ ದಾಟಿದ ಕೂಡಲೇ ಓಕರಿಕೆ. ಅದಕ್ಕೆ ಮನೆಯವರು ಇಟ್ಟ ಹೆಸರು ಹಠ.

ಹಠ ಅಲ್ಲ, ದಯವಿಟ್ಟು ಹಾಗನ್ನಬೇಡಿ. ಹಠಕ್ಕೆ ಮದ್ದು ಅಂತ ನೀವು ಮಾಡೋದೇ ಭಯವನ್ನು ಹೆಚ್ಚಿಸುತ್ತೆ.

ಆ ಹುಡುಗಿಯ ಅಜ್ಜಿ ಜೊತೆಗೆ ಬಂದಿದ್ದರು. ಚೀಲದಿಂದ ಬೆಳ್ಳಿ ಒಳಲೆ ತೆಗೆದು ಮೇಜಿನ ಮೇಲಿಟ್ಟರು. "ಆರು ಮಕ್ಕಳನ್ನ ಸಾಕಿದೀನಿ ಕಣಮ್ಮ. ಕಾಲ ಮೇಲೆ ಮಲಗಿಸ್ಕೊಂಡು ಮೂಗು ಹಿಡಿದು ಒಳಲೇಲಿ ಹುಯ್ದ್ರೆ ತಾನಾಗೇ ನುಂಗ್ತವೆ. ಇವಳು ನನ್ನ ಕೈಗೆ ಕೊಡಲ್ಲ." ಆ ಒಳಲೆಯಲ್ಲಿ ಮೂರು ತಲೆಮಾರು ಹಾಲು ಕುಡಿದಿದೆ, ಅಂಚು ಸವೆದು ನುಣುಪಾಗಿತ್ತು. ಒಳಲೆ ಕೆಟ್ಟದ್ದಲ್ಲ. ಸಣ್ಣ ಮಕ್ಕಳ ಐಸಿಯುಗಳಲ್ಲಿ ನರ್ಸ್‌ಗಳು ಎಚ್ಚರ ಇರುವ ಕೂಸಿಗೆ ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಒಳಲೆಯಲ್ಲೇ ಹಾಲು ಕುಡಿಸುತ್ತಾರೆ. ಕೆಟ್ಟದ್ದು ಮೂಗು ಹಿಡಿಯೋದು. ಮಲಗಿ ಅಳುತ್ತಿರುವ ಮಗು ಬಾಯಿಂದಲೇ ಉಸಿರು ಎಳೆಯುತ್ತೆ. ಆಗ ಉಸಿರಿನ ದಾರಿ ತೆರೆದಿರುತ್ತೆ. ಆ ಕ್ಷಣ ಹುಯ್ದ ಹಾಲು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಬಹುದು. ಹುಟ್ಟಿನಿಂದಲೇ ಸೋತ ಶ್ವಾಸಕೋಶ ಇರುವ ಮಗುವಿಗೆ ಅದು ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆ ಸೇರಿಸುತ್ತೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದಕ್ಕಿಂತ ಜಾಸ್ತಿ ಸಲ. ಅಜ್ಜಿಗೆ ಕೋಪ ಬಂತು. ಬರಲಿ. ಮೊಮ್ಮಗಳ ಮೇಲಿನ ಪ್ರೀತಿಗೇ ಬಂದ ಕೋಪ.

"ಟ್ಯೂಬ್ ತೆಗೆದುಬಿಡಿ, ಹಸಿದರೆ ತಾನೇ ತಿನ್ನುತ್ತೆ" ಅನ್ನುವವರು ಹೆಚ್ಚಾಗಿ ಅಪ್ಪಂದಿರು, ಚಿಕ್ಕಪ್ಪಂದಿರು. ತಿನ್ನೋಕೆ ಗೊತ್ತಿರುವ ಮಗುವಿಗೆ ಈ ಮಾತು ಸರಿ. ಗೊತ್ತೇ ಇಲ್ಲದ ಮಗು ಹಸಿಯುತ್ತೆ, ನೀರಿನಂಶ ಕಳೆದುಕೊಳ್ಳುತ್ತೆ, ಸೋತು ಮಲಗುತ್ತೆ. ಈಜು ಬಾರದವರನ್ನು ಬಾವಿಗೆ ತಳ್ಳಿದ ಹಾಗೆ. ಟ್ಯೂಬಿನ ಹಾಲನ್ನು ಸ್ವಲ್ಪ ಇಳಿಸಿ ಹಸಿವು ಹುಟ್ಟಿಸುವ ಕ್ರಮ ಇದೆ, ನಾವೂ ಮಾಡುತ್ತೇವೆ. ಅದಕ್ಕೆ ಮಕ್ಕಳ ಡಾಕ್ಟರು, ಆಹಾರ ತಜ್ಞರು ಜೊತೆಗಿರಬೇಕು, ತೂಕ ಬಿಡದೆ ನೋಡುತ್ತಿರಬೇಕು. ಅದಕ್ಕೂ ಮೊದಲು ಮಗುವಿನ ಬಾಯಿಯ ಭಯ ಹೋಗಿರಬೇಕು. ನೀವಾಗೇ ಒಂದು ಹೊತ್ತಿನ ಹಾಲು ತಪ್ಪಿಸಬೇಡಿ.

ಟ್ಯೂಬ್ ಮೇಲಿನ ಸಿಟ್ಟನ್ನೂ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಬಸ್ಸಿನಲ್ಲಿ ಜನ ನೋಡುತ್ತಾರೆ, ನಾಮಕರಣದ ಫೋಟೋದಲ್ಲಿ ಕಾಣುತ್ತೆ, ಎಲ್ಲ ಅರ್ಥವಾಗುತ್ತೆ. ಆದರೆ ಟ್ಯೂಬ್ ಹೊಟ್ಟೆಯನ್ನು ನೋಡಿಕೊಳ್ಳುತ್ತಿರುವುದಕ್ಕೇ ಬಾಯಿಗೆ ಅವಸರ ಇಲ್ಲ. ತೂಕದ ಜವಾಬ್ದಾರಿ ಟ್ಯೂಬಿಗಿರಲಿ, ಬಾಯಿ ನಿಧಾನವಾಗಿ ಕಲಿಯಲಿ. ಮೂಗಿನ ಟ್ಯೂಬ್ ತಿಂಗಳುಗಟ್ಟಲೆ ಬೇಕಾಗುತ್ತೆ ಅನ್ನಿಸಿದರೆ ಹೊಟ್ಟೆಗೇ ನೇರವಾಗಿ ಟ್ಯೂಬ್ ಇಡುವ ಮಾತು ಡಾಕ್ಟರ್ ಎತ್ತುತ್ತಾರೆ. ಆಪರೇಷನ್ ಅಂದ ಕೂಡಲೇ ಎದ್ದು ಬರಬೇಡಿ. ಎಲ್ಲ ಮಕ್ಕಳಿಗೂ ಹೊಂದುತ್ತೆ ಅಂತಲ್ಲ. ಆದರೆ ಮೂಗು, ಗಂಟಲು, ಕೆನ್ನೆ ಖಾಲಿಯಾದ ಮೇಲೆ ಬಾಯಿ ಬೇಗ ತೆರೆದುಕೊಂಡ ಮಕ್ಕಳನ್ನು ನೋಡಿದ್ದೇನೆ.

ಹಾಗಾದರೆ ಏನು ಮಾಡೋದು? ಆ ತಾಯಿಗೆ ಮೊದಲ ಮೂರು ವಾರ ಚಮಚವನ್ನೇ ಎತ್ತಬೇಡಿ ಅಂದೆ. ಗಾಬರಿಯಾದರು. "ಏನೂ ಹಾಕಬಾರದಾ?" ಹಾಕಬೇಡಿ. ಮನೆಯವರು ಊಟಕ್ಕೆ ಕೂತಾಗ ಅವಳನ್ನೂ ಕೂರಿಸಿಕೊಳ್ಳಿ. ಅಲ್ಲಿಯವರೆಗೆ ಒಳಗಿನ ರೂಮಿನಲ್ಲಿ, ಹೆಚ್ಚಾಗಿ ನಿದ್ದೆಯಲ್ಲೇ ಟ್ಯೂಬಿಗೆ ಹಾಲು ಹಾಕುತ್ತಿದ್ದರು. ಊಟ ಅಂದರೆ ಏನು, ಹೊಟ್ಟೆ ತುಂಬೋದು ಯಾವುದರಿಂದ ಅಂತ ಆ ಮಗುವಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಈಗ ಎಲ್ಲರ ನಡುವೆ, ಬೆನ್ನು ನೆಟ್ಟಗೆ ಕೂರಿಸಿ, ಅವಳ ಮುಂದೆಯೂ ಒಂದು ತಟ್ಟೆ ಇಟ್ಟು, ಆ ಹೊತ್ತಿಗೇ ಟ್ಯೂಬಿನ ಹಾಲು. ಟ್ಯೂಬನ್ನು ಕೆನ್ನೆಗೆ ಸರಿಯಾಗಿ ಅಂಟಿಸಿ, ಕಿವಿ ಹಿಂದಿನಿಂದ ಅಂಗಿಯ ಬೆನ್ನೊಳಗೆ ಇಳಿಸಿ. ಯಾರಾದರೂ ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಿರುವಾಗ ಕಾಲುಚೀಲ ಬಿಚ್ಚಿ. ತಟ್ಟೆಯಲ್ಲಿ ಎರಡು ಚಮಚ ಮೊಸರನ್ನ ಇರಲಿ. ಕಲಸಲಿ, ಚೆಲ್ಲಲಿ, ತಲೆಗೆ ಬಳಿದುಕೊಳ್ಳಲಿ. ಪ್ರತಿ ಸಲ ಮೂತಿ ಒರೆಸಬೇಡಿ. ಆ ಒರೆಸುವ ಬಟ್ಟೆಯೂ ಅವಳಿಗೆ ಮುಖದ ಮೇಲೆ ಬರುವ ಇನ್ನೊಂದು ಕೈ. ಊಟ ಮುಗಿದ ಮೇಲೆ ಒಂದೇ ಸಲ ತೊಳೆದರೆ ಸಾಕು.

ಆಮೇಲೆ ಚಮಚ. ಮಗುವಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಕಾಯಬೇಕು. ಬಾಯಿ ಚಮಚದ ಹತ್ತಿರ ಬರಬೇಕು, ಚಮಚ ಬಾಯಿಯ ಹತ್ತಿರ ಹೋಗಬಾರದು. ತಲೆ ತಿರುಗಿಸಿದರೆ ಅದು ಬೇಡ ಅನ್ನುವ ಮಾತು. ಮಾತು ಬಾರದ ಮಗು ಇನ್ನು ಹೇಗೆ ಹೇಳಬೇಕು? ಆ ಮಾತಿಗೆ ಬೆಲೆ ಕೊಟ್ಟು ಚಮಚ ಕೆಳಗಿಡಿ. ಹತ್ತು ಸಲ ಬೇಡ ಅಂದು, ಹತ್ತು ಸಲವೂ ನೀವು ಕೇಳಿಸಿಕೊಂಡಿರಿ ಅಂತ ಗೊತ್ತಾದ ಮೇಲೆಯೇ ಹನ್ನೊಂದನೇ ಸಲ ಮಗು ಧೈರ್ಯ ಮಾಡೋದು. ಮೊಬೈಲ್ ತೋರಿಸಿ ಮೈಮರೆತಾಗ ಬಾಯಿಗೆ ತುರುಕುವುದೂ ಹಾಕುವುದೇ. ಚಂದಮಾಮನನ್ನು ತೋರಿಸಿ ತುತ್ತು ಕೊಡುವುದು ನಮ್ಮಲ್ಲಿ ಹಳೇ ರೂಢಿ, ಊಟ ಇಷ್ಟಪಡುವ ಮಗುವಿಗೆ ಚೆಂದ. ಹೆದರಿದ ಮಗುವಿಗೆ ಮಾತ್ರ ಚಮಚ ಯಾವಾಗ ಬರುತ್ತೆ ಅಂತ ಕಾಣುತ್ತಿರಲೇಬೇಕು.

ಡೈರಿ ಬರೆಯೋದು ಬಿಡಬೇಡಿ ಅಂದೆ. ಬರೆಯದಿದ್ದರೆ ಆ ತಾಯಿಗೆ ನಿದ್ದೆ ಬರುತ್ತಿರಲಿಲ್ಲ. ಚಮಚದ ಲೆಕ್ಕ ಬೇಡ, ಅವಳು ಏನು ಮಾಡಿದಳು ಅಂತ ಬರೆಯಿರಿ ಅಂದೆ. ಮುಂದಿನ ಪುಟಗಳು ಹೀಗಿದ್ದವು. "ತಟ್ಟೆ ತಳ್ಳಿದಳು." "ಅನ್ನ ಮುಟ್ಟಿ ಕೈ ಒದರಿದಳು." "ಅಣ್ಣನ ತಟ್ಟೆ ನೋಡುತ್ತಾ ಕೂತಿದ್ದಳು." ಐದನೇ ವಾರದಲ್ಲಿ ಒಂದು ಸಾಲು: "ಅತ್ತೆ ತಟ್ಟೆಯ ಮಾವಿನಕಾಯಿ ಉಪ್ಪಿನಕಾಯಿ ರಸಕ್ಕೆ ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಮುಖ ಕಿವಿಚಿದಳು. ಮತ್ತೆ ಅದ್ದಿದಳು." ಮತ್ತೆ ಅನ್ನುವ ಪದದ ಕೆಳಗೆ ತಾಯಿ ಎರಡು ಗೆರೆ ಎಳೆದಿದ್ದರು.

ಮಕ್ಕಳಿಗೆ ಉಪ್ಪಿನಕಾಯಿ ಕೊಡಿ ಅಂತ ಹೇಳುತ್ತಿಲ್ಲ. ಆದರೆ ಟ್ಯೂಬಿನ ಮಕ್ಕಳಲ್ಲಿ ಎಷ್ಟೋ ಜನ ಸಪ್ಪೆ ಸರಿಗಿಂತ ಹುಳಿ, ಉಪ್ಪು, ಸಾರಿನ ಘಾಟಿಗೆ ಮೊದಲು ಬಾಯಿ ಬಿಡುತ್ತಾರೆ. ಬಾಯೊಳಗೆ ಏನಿದೆ ಅಂತ ಸ್ಪಷ್ಟವಾಗಿ ಗೊತ್ತಾಗುವ ರುಚಿ ಅವರಿಗೆ ಇಷ್ಟ ಆಗಬಹುದು. ಆಮೇಲಿನ ದಿನಗಳಲ್ಲಿ ಅವಳು ತಿಳಿಸಾರು ನೆಕ್ಕಿದಳು, ಇಡ್ಲಿ ಚೂರು ಉಗುಳಿದಳು, ಮತ್ತೆ ಬಾಯಿಗಿಟ್ಟಳು. ಟ್ಯೂಬ್ ಹೋಗಲು ಇನ್ನೂ ಎಂಟು ತಿಂಗಳು ಬೇಕಾಯಿತು. ಕೆಲವರಿಗೆ ಇದಕ್ಕಿಂತ ಬೇಗ, ಕೆಲವರಿಗೆ ವರ್ಷಗಳು. ನನ್ನ ಹತ್ತಿರ ತಾರೀಖು ಕೇಳಬೇಡಿ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದು ನುಂಗೋದು ಸುರಕ್ಷಿತ ಅಂತ ಪರೀಕ್ಷೆ ಆಗಿರುವ ಮಗುವಿನ ಮಾತು. ಬಾಯಿಗೆ ಏನಾದರೂ ಹೋದಾಗ ಕೆಮ್ಮು, ಕಣ್ಣಲ್ಲಿ ನೀರು, ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೀಲಿಯಾಗುವುದು, ಮೇಲಿಂದ ಮೇಲೆ ನ್ಯುಮೋನಿಯಾ, ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಏನೂ ಶುರು ಮಾಡಬೇಡಿ. ಕೆಲವು ಮಕ್ಕಳು ಕೆಮ್ಮದೆಯೂ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತವೆ. ಅಂಥ ಅನುಮಾನ ಇದ್ದರೆ ನುಂಗುವಾಗಲೇ ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಇದೆ. ಕಡ್ಲೆಬೀಜ, ಇಡೀ ದ್ರಾಕ್ಷಿಯಂಥವನ್ನು ಆಟಕ್ಕೂ ಕೈಗೆ ಕೊಡಬೇಡಿ. ಮತ್ತೆ, ಡಾಕ್ಟರ್ ಹೇಳದೆ ರಾಗಿ ಸರಿಯನ್ನು ಮೂಗಿನ ಟ್ಯೂಬಿಗೆ ಹಾಕಬೇಡಿ. ಆರುತ್ತಾ ಆರುತ್ತಾ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಟ್ಯೂಬ್ ಬದಲಿಸಬೇಕಾಗುತ್ತೆ, ಮಗುವಿನ ಮೂಗಿಗೆ ಇನ್ನೊಂದು ಸಲ ನೋವು.

ಇಂಥ ಸಹಾಯ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತೆ ಅಂತಲ್ಲ. ವಾಕ್ ಚಿಕಿತ್ಸಕರು ಮಾತು ಕಲಿಸುವವರು ಮಾತ್ರ ಅಂತ ಜನ ತಿಳಿದಿದ್ದಾರೆ, ನುಂಗುವ ತೊಂದರೆ ನೋಡುವವರೂ ನಾವೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳಿಗಾಗಿಯೇ ಡಿಇಐಸಿ, ಅಂದರೆ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರಗಳನ್ನು ಮಾಡಿದ್ದಾರೆ. ಅಲ್ಲಿ ಹೋಗಿ, ದಿನ ತುಂಬದೆ ಹುಟ್ಟಿದ ಮಗು, ಬಾಯಲ್ಲಿ ತಿನ್ನುತ್ತಿಲ್ಲ ಅಂತ ಹೇಳಿ.

ನಮ್ಮಂಥವರ ಹತ್ತಿರ ಬರುವಾಗ ಡಿಸ್ಚಾರ್ಜ್ ಚೀಟಿ, ತೂಕದ ಕಾರ್ಡು ಇರಲಿ. ಮಗುವನ್ನು ಬೆಳಗಿನಿಂದ ಉಪವಾಸ ಕೆಡವಿ ಕರೆತರಬೇಡಿ. ಮನೆಯಲ್ಲಿ ಅದು ತಾನಾಗೇ ಕೈಯಲ್ಲಿ ಹಿಡಿಯುವ ಲೋಟವೋ ತಟ್ಟೆಯೋ ಇದ್ದರೆ ಚೀಲಕ್ಕೆ ಹಾಕಿಕೊಂಡು ಬನ್ನಿ. ಬೆಳ್ಳಿ ಒಳಲೆ ಆದರೂ ಸರಿ. ಆ ಹುಡುಗಿ ಕೊನೆಗೆ ತಾನೇ ಹಿಡಿದು ನೀರು ಕುಡಿಯೋಕೆ ಶುರು ಮಾಡಿದ್ದು ಅಜ್ಜಿಯ ಅದೇ ಒಳಲೆಯಲ್ಲಿ.