ಸಾಲಾಗಿ ನಡೆಯಬೇಡಿ

ಕಾಡಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಮುಂದಿನವರು ಕಾಲಿಟ್ಟಲ್ಲೇ ಕಾಲಿಡಬೇಕು. ಚಾರಣಕ್ಕೆ ಹೋದವರಿಗೆಲ್ಲ ಗೊತ್ತಿರುವ ಮಾತಿದು. ಅಲಾಸ್ಕಾದ ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ರಾಷ್ಟ್ರೀಯ ಉದ್ಯಾನದಲ್ಲಿ ಇದು ತಿರುಗುಮುರುಗು: ಅಲ್ಲಿ ಚದುರಿ ನಡೆಯಿರಿ ಅನ್ನುತ್ತಾರೆ.

ಆರ್ಕ್ಟಿಕ್ ವೃತ್ತದಾಚೆ, ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ ಸುಮಾರು 34,000 ಚದರ ಕಿ.ಮೀ. ಹರಡಿರುವ ಈ ಉದ್ಯಾನ ಕೇರಳಕ್ಕಿಂತ ಸ್ವಲ್ಪವೇ ಚಿಕ್ಕದು. ಇಷ್ಟಗಲಕ್ಕೆ ಒಂದು ರಸ್ತೆಯಿಲ್ಲ, ಇಲಾಖೆ ಮಾಡಿಟ್ಟ ಒಂದು ಕಾಲುದಾರಿಯೂ ಇಲ್ಲ. ಬಹಳ ಮಂದಿ ಬೆಟಲ್ಸ್ ಎಂಬ ಪುಟ್ಟ ಊರಿನಿಂದ ಸಣ್ಣ ವಿಮಾನ ಹತ್ತಿ ಯಾವುದೋ ಕೆರೆಯ ನೀರಿನ ಮೇಲೋ ನದಿಯ ಜಲ್ಲಿದಂಡೆಯ ಮೇಲೋ ಇಳಿಯುತ್ತಾರೆ. ಹವೆ ಕೆಟ್ಟರೆ ವಾಪಸು ಕರೆದೊಯ್ಯುವ ವಿಮಾನ ದಿನಗಟ್ಟಲೆ ಬಾರದೆ ಇರಬಹುದು. ಹಾಗಾಗಿ ಹೆಚ್ಚುವರಿ ಬುತ್ತಿ ಬೇಕೇ ಬೇಕು.

ವಿಮಾನದಿಂದ ಹುಲ್ಲುಗಾವಲಿನಂತೆ ಕಂಡದ್ದರ ಮೇಲೆ ಕಾಲಿಟ್ಟಾಗಲೇ ಅದರ ನಿಜರೂಪ ತಿಳಿಯುವುದು. ಮೊಣಕಾಲುದ್ದದ ಹುಲ್ಲುಗುಪ್ಪೆಗಳು ಒತ್ತೊತ್ತಾಗಿ ನಿಂತಿರುತ್ತವೆ, ನಡುನಡುವೆ ನೀರು. ಮೇಲೆ ಕಾಲಿಟ್ಟರೆ ಗುಪ್ಪೆ ವಾಲುತ್ತದೆ, ಕೆಳಗಿಟ್ಟರೆ ಬೂಟು ಕೆಸರಿನಲ್ಲಿ ಹೂಳುತ್ತದೆ. ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೂ ದೊಡ್ಡದು.

ವಿಚಿತ್ರವೆಂದರೆ ಇಲ್ಲಿ ಮಳೆ, ಹಿಮ ಎರಡೂ ಕಡಿಮೆ. ಹಾಗಿದ್ದೂ ನೆಲವೆಲ್ಲ ಜೌಗು. ಕೆಳಗಿರುವ ‘ಪರ್ಮಾಫ್ರಾಸ್ಟ್’, ಅಂದರೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣು, ನೀರನ್ನು ಇಂಗಗೊಡುವುದಿಲ್ಲ. ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳು ಪದರ ಮಾತ್ರ. ಗುಪ್ಪೆ ಕಟ್ಟುವ ಹತ್ತಿಹುಲ್ಲಿನ ಬೇರುಗಳು ಪ್ರತಿವರ್ಷ ಹೊಸದಾಗಿ ಚಿಗುರಿ, ಕರಗುತ್ತಾ ಹೋಗುವ ಮಂಜುಗಡ್ಡೆಯನ್ನು ಹಿಂಬಾಲಿಸಿಕೊಂಡೇ ಕೆಳಗಿಳಿಯುತ್ತವೆ. ನೀವು ಬೈದುಕೊಂಡು ದಾಟುವ ಗುಪ್ಪೆಗೆ ನೂರು ವರ್ಷ ದಾಟಿರಬಹುದು!

ಈ ಹುಲ್ಲು, ಪಾಚಿಗಳೇ ಹೆಪ್ಪುಗಟ್ಟಿದ ನೆಲಕ್ಕೆ ಹೊದಿಕೆ. ಹತ್ತಾರು ಜನ ಒಂದೇ ಜಾಡಿನಲ್ಲಿ ತುಳಿದರೆ ಹೊದಿಕೆ ಹರಿಯುತ್ತದೆ, ಬಿಸಿಲು ಒಳಗಿಳಿದು ಮಂಜು ಕರಗುತ್ತದೆ, ನೆಲ ಕುಸಿದು ಜಾಡು ಕಾಲುವೆಯಾಗುತ್ತದೆ. ಇನ್ನೂ ಉತ್ತರಕ್ಕೆ, 1940ರ ದಶಕದಲ್ಲಿ ಎಣ್ಣೆ ಹುಡುಕಲು ಓಡಾಡಿದ ವಾಹನಗಳ ಗುರುತುಗಳು ದಶಕಗಳಾದರೂ ಅಳಿಸಿಲ್ಲ. ಚದುರಿ ನಡೆಯಿರಿ ಅನ್ನುವುದು ಇದಕ್ಕೇ. ಕ್ಯಾರಿಬೂ ಜಿಂಕೆಗಳು ಸವೆಸಿದ ಜಾಡು ಸಿಕ್ಕಿದರೆ ಮಾತ್ರ ಹಾಯಾಗಿ ಅದನ್ನೇ ಹಿಡಿಯಬಹುದು.

ಈಗೀಗ ಯಾರೂ ತುಳಿಯದ ಕಡೆಯೂ ನೆಲ ಕರಗುತ್ತಿದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಬಂಡೆಗಳಲ್ಲಿನ ಪೈರೈಟ್ ಎಂಬ ಖನಿಜಕ್ಕೆ ನೀರು, ಗಾಳಿ ತಾಗಿ ಗಂಧಕಾಮ್ಲವೂ ಕಬ್ಬಿಣವೂ ಬಿಡುಗಡೆಯಾಗುತ್ತವೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರೂಕ್ಸ್ ಶ್ರೇಣಿಯಲ್ಲಿ ಹೀಗೆ ತುಕ್ಕಿನ ಬಣ್ಣಕ್ಕೆ ತಿರುಗಿದ 75 ತೊರೆಗಳನ್ನು ಗುರುತಿಸಿದೆ. ತಿಳಿಯಾಗಿದ್ದ ತೊರೆಗಳ ತಳದಲ್ಲಿ ಈಗ ಕೇಸರಿ ರಾಡಿ, ಮೀನುಗಳ ಆಹಾರವಾದ ಹುಳುಗಳು ಅದರಡಿ ಹೂತುಹೋಗುತ್ತವೆ. ಗಣಿಯ ಹೊಲಸು ಅಂದುಕೊಳ್ಳೋಣವೆಂದರೆ ಸುತ್ತಮುತ್ತ ಗಣಿಯೇ ಇಲ್ಲ.