ಎಲ್ಲವೂ ಕೆಳಗೆ ಜಾರುವ ಊರು

ಜಾವಾ ದ್ವೀಪ ಅಂದ ತಕ್ಷಣ ನೆನಪಾಗುವುದು ಸೆಖೆ, ತೆಂಗು, ಭತ್ತದ ಗದ್ದೆ. ಭೂಮಧ್ಯರೇಖೆಯಿಂದ ಬರೀ 7 ಡಿಗ್ರಿ ದಕ್ಷಿಣಕ್ಕಿರುವ ಜಾಗ ಅದು. ಅಂಥ ಕಡೆ ಜುಲೈ ತಿಂಗಳ ಒಂದು ಬೆಳಗ್ಗೆ ರೈತ ಹೊಲಕ್ಕೆ ಹೋದರೆ, ಆಲೂಗಡ್ಡೆ ಎಲೆಗಳ ಮೇಲೆ ಉಪ್ಪು ಉದುರಿಸಿದ ಹಾಗೆ ಮಂಜಿನ ಹರಳು ಕೂತಿರುತ್ತದೆ. ಬಿಸಿಲೇರಿದಂತೆ ಹರಳು ಕರಗುತ್ತದೆ. ಎಲೆ ಮಾತ್ರ ಬಿಸಿನೀರು ಎರಚಿದ ಸೊಪ್ಪಿನಂತೆ ಜೋತು ಬಿದ್ದು, ಆಮೇಲೆ ಕಪ್ಪಾಗುತ್ತದೆ. ಇದಕ್ಕೆ ಅಲ್ಲಿನ ಜನ ಇಟ್ಟ ಹೆಸರು ‘ಬುನ್ ಉಪಾಸ್’. ಬುನ್ ಅಂದರೆ ಇಬ್ಬನಿ, ಉಪಾಸ್ ಅಂದರೆ ವಿಷ.

ಈ ವಿಷದ ಇಬ್ಬನಿ ಬೀಳುವುದು ಮಧ್ಯ ಜಾವಾದ ದಿಯೆಂಗ್ ಪ್ರಸ್ಥಭೂಮಿಯಲ್ಲಿ. ಅದರ ಮೇಲಂಚಿನಲ್ಲಿ, ವೊನೊಸೊಬೊ ಜಿಲ್ಲೆಗೆ ಸೇರಿದ ಸೆಂಬುಂಗಾನ್ ಎಂಬ ಹಳ್ಳಿ ಇದೆ. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರ. ಇಡೀ ಜಾವಾದಲ್ಲೇ ಅತಿ ಎತ್ತರದ ಊರು ಎಂಬ ಹೆಮ್ಮೆ ಅದಕ್ಕೆ. ಊರಿನ ಪಕ್ಕದಲ್ಲೊಂದು ಕೆರೆ, ಹೆಸರು ಚೆಬೊಂಗ್, ಅಂದರೆ ಗೊದಮೊಟ್ಟೆ. ಅದರಾಚೆ ಸಿಕುನಿರ್ ಎಂಬ ಗುಡ್ಡ. ಕುನಿರ್ ಅಂದರೆ ಅರಿಸಿನ. ಸೂರ್ಯ ಹುಟ್ಟುವಾಗ ಆ ಬಣ್ಣ ಬರುತ್ತದಂತೆ. ಅದನ್ನು ನೋಡಲು ಪ್ರವಾಸಿಗರು ಕತ್ತಲಲ್ಲೇ ಟಾರ್ಚ್ ಹಿಡಿದು ಹತ್ತುತ್ತಾರೆ. ಬೆಳಕಾದ ಮೇಲೆ ಅವರಿಗೆ ಸಿಂಡೊರೊ, ಸುಂಬಿಂಗ್, ಮೆರಾಪಿ ಅಗ್ನಿಪರ್ವತಗಳು ಕಾಣುತ್ತವೆ. ಕಾಲಬುಡದಲ್ಲಿ ಗುಡ್ಡದ ನೆತ್ತಿಯವರೆಗೂ ಹತ್ತಿರುವ ಆಲೂಗಡ್ಡೆ ಸಾಲುಗಳೂ ಕಾಣುತ್ತವೆ. ಅವನ್ನು ನೋಡುವವರು ಕಡಿಮೆ.

ಎತ್ತರ ಹೆಚ್ಚಾದಷ್ಟೂ ಚಳಿ ಜಾಸ್ತಿ, ಅಲ್ವಾ? ಸಾಮಾನ್ಯವಾಗಿ ಹೌದು. ಬುನ್ ಉಪಾಸ್ ಬೀಳುವ ರಾತ್ರಿ ಮಾತ್ರ ಲೆಕ್ಕ ತಲೆಕೆಳಗು. ಮಂಜು ಹೆಚ್ಚಾಗಿ ಕೂರುವುದು ಮೇಲಿನ ಇಳಿಜಾರಿನ ಹೊಲಗಳ ಮೇಲಲ್ಲ, ಕೆಳಗಿನ ಬಟ್ಟಲಿನಂಥ ಬಯಲಿನಲ್ಲಿ.

ಜುಲೈ, ಆಗಸ್ಟ್ ಅಲ್ಲಿ ಒಣಗಾಲ. ಆಸ್ಟ್ರೇಲಿಯಾ ಕಡೆಯಿಂದ ಒಣಗಾಳಿ ಬರುತ್ತದೆ, ಆಕಾಶದಲ್ಲಿ ಮೋಡ ಇರುವುದಿಲ್ಲ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯ ಹಾಗೆ ಒಂದಿಷ್ಟು ಶಾಖವನ್ನು ತಡೆದು ವಾಪಸ್ ಕಳಿಸುತ್ತಿತ್ತು. ಕಂಬಳಿ ಇಲ್ಲದ ರಾತ್ರಿ ಎಲೆ ಎಷ್ಟು ಬೇಗ ತಣ್ಣಗಾಗುತ್ತದೆಂದರೆ, ಸುತ್ತಲಿನ ಗಾಳಿಗಿಂತಲೂ ಅದೇ ತಂಪು. ಆಳೆತ್ತರದಲ್ಲಿಟ್ಟ ಥರ್ಮಾಮೀಟರ್ ಎರಡೋ ಮೂರೋ ಡಿಗ್ರಿ ತೋರಿಸುತ್ತಿರುವಾಗಲೇ ನೆಲಕ್ಕಂಟಿದ ಎಲೆ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಇಳಿಜಾರಿನ ನೆಲಕ್ಕೆ ತಾಗಿ ತಣ್ಣಗಾದ ಗಾಳಿಗೆ ತೂಕ ಜಾಸ್ತಿ. ಅದು ನೀರಿನ ಹಾಗೇ ಮೆಲ್ಲಗೆ ಕೆಳಗೆ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಗಾಳಿ ಬೀಸಿದರೆ ಎಲ್ಲ ಕಲಸಿಹೋಗುತ್ತಿತ್ತು. ಬೀಸದಿದ್ದರೆ ಬೆಳಗಿನವರೆಗೂ ಅಲ್ಲೇ.

ಎಲೆಯೊಳಗೆ ಮೊದಲು ಹೆಪ್ಪುಗಟ್ಟುವುದು ಜೀವಕೋಶಗಳ ನಡುವಿನ ನೀರು. ಆ ಮಂಜು ಕೋಶದೊಳಗಿನ ನೀರನ್ನೂ ಹೊರಕ್ಕೆ ಎಳೆಯುತ್ತದೆ. ಕೋಶದ ಪೊರೆ ಹಾಳಾಗುತ್ತದೆ. ಕರಗಿದ ಮೇಲೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಎಲೆಗಿರುವುದಿಲ್ಲ. ಅದಕ್ಕೇ ರೈತರು ಎಲೆ ಮೇಲಿನ ಮಂಜು ತೊಳೆದುಹೋಗಲಿ ಎಂದು ಸೂರ್ಯ ಹುಟ್ಟುವ ಮುಂಚೆಯೇ ಪೈಪು ಹಿಡಿದು ಗಿಡಗಳಿಗೆ ನೀರು ಸಿಂಪಡಿಸುತ್ತಾರೆ. ಕೆಲವರು ಬಲೆ ಹೊದಿಸುತ್ತಾರೆ.

ಆ ತಗ್ಗಿನ ಬಯಲಿನಲ್ಲೂ ಅದರ ಸುತ್ತಲೂ ಕಲ್ಲಿನ ಶಿವ ದೇಗುಲಗಳಿವೆ. ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಗುಡಿಗಳಲ್ಲಿ ಅವೂ ಸೇರಿವೆ, 7–8ನೇ ಶತಮಾನದಷ್ಟು ಹಿಂದಿನವು. ಹೆಸರು ಕೇಳಿದರೆ ನಮಗೆ ಖುಷಿಯಾಗುತ್ತದೆ: ಅರ್ಜುನ, ಶ್ರೀಕಂಡಿ, ಪುಂತದೇವ, ಘಟೋತ್ಕಚ, ಭೀಮ. ಶ್ರೀಕಂಡಿ ನಮ್ಮ ಶಿಖಂಡಿ, ಪುಂತದೇವ ಧರ್ಮರಾಯ. ಅಲ್ಲಿನ ತೊಗಲುಬೊಂಬೆ ಆಟದಲ್ಲಿ ಮನೆಮಾತಾದ ಪಾತ್ರಗಳಿವು. ಕಟ್ಟಿದವರು ಇಟ್ಟ ಹೆಸರುಗಳಲ್ಲ, ಬಹಳ ಕಾಲದ ಮೇಲೆ ಜನ ಅಂಟಿಸಿದ್ದು. 1800ರ ದಶಕದ ಶುರುವಿನಲ್ಲಿ ಯುರೋಪಿಯನ್ನರು ಬಂದಾಗ ಬಯಲಿನ ಗುಡಿಗಳು ನೀರಿನಲ್ಲಿ ನಿಂತಿದ್ದವು. ತಗ್ಗು ಅಂದಮೇಲೆ ತಣ್ಣನೆ ಗಾಳಿಯಷ್ಟೇ ಅಲ್ಲ, ನೀರೂ ಬರುತ್ತದೆ.

ಇನ್ನೊಂದೂ ಬರುತ್ತದೆ. ದಿಯೆಂಗ್ ಇಡಿಯಾಗಿ ಒಂದು ಅಗ್ನಿಪರ್ವತ ಸಮೂಹ. ಕುದಿಯುವ ಕೆಸರಿನ ಕುಳಿಗಳು, ಗಂಧಕದ ವಾಸನೆ ಅಲ್ಲಿ ಮಾಮೂಲು. 1979ರ ಫೆಬ್ರವರಿ 20ರ ನಸುಕಿನಲ್ಲಿ, ಪಶ್ಚಿಮ ಭಾಗದ ಸಿನಿಲಾ ಕುಳಿ ಸಿಡಿಯಿತು. ಹತ್ತಿರದ ಹಳ್ಳಿಯವರು ಮನೆ ಬಿಟ್ಟು ರಸ್ತೆ ಹಿಡಿದರು. ಅವರು ಹೋದ ದಾರಿಯಲ್ಲಿ ಬಿರುಕುಗಳಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತ್ತು. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆ ಇಲ್ಲ. 149 ಜನ ಸತ್ತರು. ಸ್ಫೋಟದ ಕಲ್ಲು, ಬೂದಿಗೆ ಹೆದರಿ ಓಡಿದವರನ್ನು ಕಾಣದ ಗಾಳಿ ಕೊಂದಿತ್ತು.

ಇಷ್ಟೆಲ್ಲ ಇದ್ದೂ ಜನ ಅಲ್ಲಿ ಬೇಸಾಯ ಮಾಡುವುದೇಕೆ? ಮಣ್ಣು ನೋಡಿದರೆ ಗೊತ್ತಾಗುತ್ತದೆ. ಬೂದಿಯಿಂದಾದ ಕಪ್ಪು ಮಣ್ಣು, ಕೈಗೆ ತೆಗೆದುಕೊಂಡರೆ ಕಾಫಿಪುಡಿಯಷ್ಟು ಹಗುರ. ಗಾಳಿಯಾಡುತ್ತದೆ, ಗಡ್ಡೆ ಸಲೀಸಾಗಿ ಊದುತ್ತದೆ. ಒಂದೇ ದೋಷ, ರಂಜಕವನ್ನು ಇದು ಜಿಪುಣನ ಹಾಗೆ ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಹಾಗಾಗಿ ಗೊಬ್ಬರ ಸುರಿಯಬೇಕು. ಮೂಟೆಗಟ್ಟಲೆ ಕೋಳಿ ಗೊಬ್ಬರ ಲಾರಿಗಳಲ್ಲಿ ಬೆಟ್ಟ ಹತ್ತುತ್ತದೆ. ಅದರ ಜೊತೆ ನೊಣಗಳೂ ಬರುತ್ತವೆ. ಪ್ರವಾಸಿ ಫೋಟೋಗಳಲ್ಲಿ ಅವು ಕಾಣುವುದಿಲ್ಲ, ಅಷ್ಟೇ.

ಮೊದಲು ಈ ಬೆಟ್ಟಗಳಲ್ಲಿ ತಂಬಾಕು ಮುಖ್ಯ ಬೆಳೆ. 1980ರ ದಶಕದಿಂದ ಆಲೂಗಡ್ಡೆ ಅದರ ಜಾಗ ಹಿಡಿಯಿತು, ಹೆಚ್ಚಾಗಿ ಗ್ರಾನೋಲಾ ಎಂಬ ಜರ್ಮನ್ ತಳಿ. ಮೂರ್ನಾಲ್ಕು ತಿಂಗಳಿಗೆ ಕೊಯ್ಲು, ಕೈಗೆ ದುಡ್ಡು. ಕಾಡಿದ್ದ ಇಳಿಜಾರೂ ಹೊಲವಾಯಿತು.

ಇಲ್ಲಿ ಸಾಲು ಹೊಡೆಯುವ ರೀತಿ ಗಮನಿಸಬೇಕು. ಇಳಿಜಾರಿಗೆ ಅಡ್ಡವಾಗಿ ಸಾಲು ಮಾಡಿದರೆ ಮಣ್ಣು ನಿಲ್ಲುತ್ತದೆ ಎಂದು ಯಾವ ಕೃಷಿ ಅಧಿಕಾರಿಯಾದರೂ ಹೇಳುತ್ತಾನೆ. ಸೆಂಬುಂಗಾನ್ ಸುತ್ತಮುತ್ತ ಬಹಳಷ್ಟು ಸಾಲುಗಳು ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿಯುತ್ತವೆ. ರೈತರಿಗೆ ತಿಳಿವಳಿಕೆ ಇಲ್ಲ ಅಂತ ಸುಮ್ನೆ ಬೈಯುವುದು ಸುಲಭ. ಆದರೆ ಅಡ್ಡ ಸಾಲಿನಲ್ಲಿ ಮಳೆನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ತೇವಕ್ಕೆ ಅಂಗಮಾರಿ ರೋಗ ಹಬ್ಬುತ್ತದೆ. ಸಾಲ ಮಾಡಿ ಬಿತ್ತನೆ ಗಡ್ಡೆ ತಂದವನಿಗೆ ಈ ಕೊಯ್ಲು ಮುಖ್ಯ. ಮಣ್ಣು ಹೋಗುವುದು ಇನ್ನೂ ಎಷ್ಟೋ ಕೊಯ್ಲುಗಳ ಆಚೆಯ ಮಾತು. ನಾನಾದರೂ ನೆಟ್ಟಗೇ ಸಾಲು ಹೊಡೆಯುತ್ತಿದ್ದೆನೇನೋ.

ಹೀಗೆ ಇಳಿದ ಮಣ್ಣು ಸೆರಾಯು ನದಿ ಸೇರುತ್ತದೆ. ನದಿ ಹುಟ್ಟುವ ಬುಗ್ಗೆಯ ಹೆಸರು ‘ಬೀಮಾ ಲುಕಾರ್’, ಭೀಮ ಬಟ್ಟೆ ಬಿಚ್ಚಿದ ಜಾಗ. ಕೆಳಗೆ ಬಂಜಾರ್‌ನೆಗಾರಾ ಬಳಿ ಮ್ರಿಚಾ ಜಲಾಶಯವಿದೆ, 1980ರ ದಶಕದ ಕೊನೆಯಲ್ಲಿ ವಿದ್ಯುತ್ತಿಗಾಗಿ ಕಟ್ಟಿದ್ದು. ಈಗ ಅದರ ಬಹುಪಾಲು ಹೂಳು. ಬೆಟ್ಟದ ಮೇಲಿನ ಕಪ್ಪು ಮಣ್ಣಿನಲ್ಲಿ ಒಂದಷ್ಟು ಅಲ್ಲಿ ಕೂತಿದೆ.

ಹೊಲದ ಬದುಗಳಲ್ಲಿ ಮಾತ್ರ ಬೇರೊಂದು ಗಿಡ ನಿಂತಿದೆ. ಹೆಸರು ಕಾರಿಕಾ, ಬೆಟ್ಟದ ಪಪ್ಪಾಯಿ. ಆಲೂಗಡ್ಡೆಯ ಹಾಗೇ ಇದರ ತವರೂ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಇದು ವರ್ಷಗಟ್ಟಲೆ ನಿಲ್ಲುವ ಗಿಡ, ಹಾಗಾಗಿ ಬದುವಿನ ಮಣ್ಣಿಗೆ ಅದರ ಬೇರೇ ಆಸರೆ. ಹಣ್ಣು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನಮ್ಮ ಪಪ್ಪಾಯಿಯ ಹಾಗೆ ಹೆಚ್ಚಿ ಬಾಯಿಗೆ ಹಾಕಿಕೊಳ್ಳುವಂಥದ್ದಲ್ಲ. ಹೆಂಗಸರು ಸಿಪ್ಪೆ ತೆಗೆದು, ಬೀಜದ ಸುತ್ತಲಿನ ಘಮಘಮಿಸುವ ಲೋಳೆಯನ್ನು ಬೇರೆ ಮಾಡುತ್ತಾರೆ. ತಿರುಳನ್ನು ಹೋಳು ಮಾಡುತ್ತಾರೆ. ಲೋಳೆಯನ್ನು ಸೋಸಿ ಸಕ್ಕರೆ ಹಾಕಿ ಕುದಿಸಿ ಪಾಕ ಮಾಡಿ, ಹೋಳುಗಳನ್ನು ಅದರಲ್ಲೇ ಮುಳುಗಿಸಿ ಡಬ್ಬಿಗೆ ತುಂಬುತ್ತಾರೆ. ಸೂರ್ಯೋದಯ ನೋಡಿ ಇಳಿದವರು ವೊನೊಸೊಬೊ ಪೇಟೆಯಲ್ಲಿ ಕೊಂಡು ಹೋಗುವುದು ಅದನ್ನೇ.